ರೀಇಂಡೆಕ್ಸ್‌ಗೂ ಮುನ್ನ

ಡೇಟಾಬೇಸ್ ಕಾಯುವವರ ಕಸುಬಿನಲ್ಲಿ ನಲವತ್ತು ವರ್ಷ ಕಳೆದರೂ ಬದಲಾಗದ ಒಂದು ಆದೇಶವಿದೆ. 1980ರ ದಶಕದ ಡಿಬೇಸ್‌ನಲ್ಲಿ ಅದು ರೀಇಂಡೆಕ್ಸ್. ಇವತ್ತಿನ ಪೋಸ್ಟ್‌ಗ್ರೆಸ್‌ನಲ್ಲೂ ಎಸ್‌ಕ್ಯುಲೈಟ್‌ನಲ್ಲೂ ರೀಇಂಡೆಕ್ಸೇ. ಅದು ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಕರೆಂಟು ಹೋಯಿತು, ಯಂತ್ರ ಬಿತ್ತು, ಮತ್ತೆ ಎದ್ದ ಮೇಲೆ ಇರುವ ದಾಖಲೆ ಹುಡುಕಿದರೆ ಇಲ್ಲ ಎನ್ನುತ್ತಿದೆ. ಸರಿ, ಹಳೆಯ ಇಂಡೆಕ್ಸನ್ನು ಎಸೆದು, ಟೇಬಲನ್ನು ಮೊದಲಿಂದ ಕೊನೆಯವರೆಗೆ ಓದಿ, ಹೊಸದನ್ನು ಕಟ್ಟು. ಇಷ್ಟು ಸರಳವಾದ ರಿಪೇರಿಗೆ ಇತಿಹಾಸ ಎಲ್ಲಿಂದ ಬಂತು ಎಂದು ಕೇಳಬಹುದು. ರಿಪೇರಿಗೆ ನಿಜಕ್ಕೂ ಹೆಚ್ಚಿನ ಇತಿಹಾಸವಿಲ್ಲ. ಇರುವ ಇತಿಹಾಸವೆಲ್ಲ ಅದರ ಹಿಂದಿನ ಎರಡು ಪ್ರಶ್ನೆಗಳದ್ದು: ಇಂಡೆಕ್ಸ್ ಕೆಟ್ಟಿದೆ ಎಂದು ಗೊತ್ತಾಗುವುದು ಹೇಗೆ, ಮತ್ತು ಹೊಸದನ್ನು ಯಾವುದನ್ನು ನಂಬಿ ಕಟ್ಟುವುದು. ಇಂಡೆಕ್ಸ್ ಎಂದರೆ ಬರೀ ನಕಲು, ಹಾಳಾದರೆ ಇನ್ನೊಂದು ತೆಗೆದರಾಯಿತು ಎಂಬ ನಂಬಿಕೆಯ ಮೇಲೆ ಈ ಕಸುಬು ಬಹಳ ಕಾಲ ನಡೆದು ಬಂದಿದೆ. ಆ ನಂಬಿಕೆ ಮತ್ತೆ ಮತ್ತೆ ಕೈಕೊಟ್ಟಿದೆ. ಪ್ರತಿ ಸಲವೂ ತಪ್ಪನ್ನು ಕ್ರ್ಯಾಶಿನ ತಲೆಗೆ ಕಟ್ಟಿದ್ದರಿಂದ ಅದು ಕೈಕೊಟ್ಟಿದ್ದು ತಡವಾಗಿ ಗೊತ್ತಾಯಿತು. ಈ ಮಾತಿಗೆ ಸಾಕ್ಷಿ ಅರ್ಧ ಶತಮಾನದ ಉದ್ದಕ್ಕೂ ಹರಡಿಕೊಂಡಿದೆ.

ಇಂಡೆಕ್ಸ್ ಮಾಡುವ ಕೆಲಸವನ್ನು ಹಳೆಯ ಗ್ರಂಥಾಲಯದ ಕಾರ್ಡು ಪೆಟ್ಟಿಗೆಗೆ ಹೋಲಿಸುವುದು ವಾಡಿಕೆ. ಪುಸ್ತಕಗಳು ಬಂದ ಕ್ರಮದಲ್ಲಿ ಕಪಾಟು ಸೇರುತ್ತವೆ, ಕಾರ್ಡುಗಳು ಅಕಾರಾದಿಯಲ್ಲಿ ನಿಲ್ಲುತ್ತವೆ, ಪ್ರತಿ ಕಾರ್ಡು ಒಂದು ಕಪಾಟನ್ನು ತೋರಿಸುತ್ತದೆ. ಈ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಮುಂದೆ ನೋಡೋಣ. ಡಿಸ್ಕಿನ ಮೇಲೆ ಈ ಅಕಾರಾದಿಯನ್ನು ಅಗ್ಗವಾಗಿ ಕಾಯ್ದುಕೊಳ್ಳುವ ದಾರಿಯನ್ನು ಕೊಟ್ಟವರು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್. ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದಾಗ 1970ರಲ್ಲಿ ವರದಿಯಾಗಿ, 1972ರಲ್ಲಿ ಪ್ರಬಂಧವಾಗಿ ಅವರು ಬರೆದ ಬಿ-ಟ್ರೀ ಇವತ್ತಿಗೂ ಬಹುಪಾಲು ಡೇಟಾಬೇಸುಗಳ ಬೆನ್ನೆಲುಬು. 1979ರಲ್ಲಿ ಡಗ್ಲಸ್ ಕೋಮರ್ ಅದರ ಬಗ್ಗೆ ಸಮೀಕ್ಷೆ ಬರೆಯುವ ಹೊತ್ತಿಗೆ ಅದು ಎಲ್ಲೆಲ್ಲೂ ಇರುವ ವಸ್ತುವಾಗಿತ್ತು. ಬೇರಿನ ಪುಟದಿಂದ ಕೊಂಬೆ, ಕೊಂಬೆಯಿಂದ ಎಲೆ. ಎಲೆಯ ಪುಟದಲ್ಲಿ ಕೀಲಿಗಳು, ಅಂದರೆ ಹುಡುಕುವ ಮೌಲ್ಯಗಳು, ಏರಿಕೆಯ ಕ್ರಮದಲ್ಲಿರುತ್ತವೆ. ಮರ ಯಾವ ಕಡೆಗೂ ವಾಲದೆ ಒಂದೇ ಎತ್ತರದಲ್ಲಿ ಉಳಿಯುವುದು ಅದರ ಹೆಚ್ಚುಗಾರಿಕೆ. ಈ ಹೆಚ್ಚುಗಾರಿಕೆಗೆ ತೆರಬೇಕಾದ ಬೆಲೆಯೂ ಅದರೊಳಗೇ ಇದೆ. ಎಲೆಯ ಪುಟ ತುಂಬಿದಾಗ ಅದನ್ನು ಎರಡಾಗಿ ಸೀಳಬೇಕು. ಅರ್ಧ ಕೀಲಿಗಳನ್ನು ಹೊಸ ಪುಟಕ್ಕೆ ಸಾಗಿಸಬೇಕು. ಹೊಸ ಪುಟದ ವಿಳಾಸವನ್ನು ಮೇಲಿನ ಕೊಂಬೆಯಲ್ಲಿ ಬರೆಯಬೇಕು. ಕೊಂಬೆಯೂ ತುಂಬಿದ್ದರೆ ಸೀಳು ಇನ್ನೂ ಮೇಲಕ್ಕೆ ಹತ್ತುತ್ತದೆ.

ಹಾಗಾಗಿ ಹೊರಗಿನಿಂದ ಒಂದೇ ಎಂದು ಕಾಣುವ ಸೇರ್ಪಡೆ ಒಳಗೆ ಮೂರು ನಾಲ್ಕು ಪುಟಗಳ ಬರವಣಿಗೆ. ಡಿಸ್ಕು ಅವುಗಳನ್ನು ಒಂದೇ ಏಟಿಗೆ ಬರೆಯುವುದಿಲ್ಲ. ಯಾವುದು ಮೊದಲು ಇಳಿಯುತ್ತದೆ ಎಂಬುದೂ ಗ್ಯಾರಂಟಿಯಿಲ್ಲ. ಹಳೆಯ ಪುಟ ಅರ್ಧ ಖಾಲಿಯಾಗಿ ಡಿಸ್ಕಿಗಿಳಿದು, ಹೊಸ ಪುಟ ಇನ್ನೂ ಮೆಮೊರಿಯಲ್ಲಿರುವಾಗ ಕರೆಂಟು ಹೋದರೆ ಆ ಅರ್ಧ ಕೀಲಿಗಳು ಮಾಯ. ಹೊಸ ಪುಟ ಇಳಿದು ಕೊಂಬೆ ಇಳಿಯದಿದ್ದರೆ ಕೀಲಿಗಳೇನೋ ಇವೆ, ಅವುಗಳ ಬಳಿಗೆ ಹೋಗುವ ದಾರಿಯಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗಾಯವಿದೆ. ಪೋಸ್ಟ್‌ಗ್ರೆಸ್‌ನ ಪುಟ ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯದು 16. ಡಿಸ್ಕಿನ ಸೆಕ್ಟರ್ ದಶಕಗಳ ಕಾಲ 512 ಬೈಟ್ ಇತ್ತು, ಈಚೆಗೆ 4096. ಒಂದೇ ಪುಟವನ್ನು ಬರೆಯುತ್ತಿರುವಾಗ ಯಂತ್ರ ನಿಂತರೆ ಮೇಲರ್ಧ ಹೊಸದು, ಕೆಳಗರ್ಧ ಹಳೆಯದು ಆದ ಹರಿದ ಪುಟ ಉಳಿಯುತ್ತದೆ. ಟೇಬಲಿನ ಪುಟಕ್ಕೂ ಇವೇ ಅಪಾಯಗಳಿವೆ. ಆದರೆ ಟೇಬಲಿನ ಸಾಲುಗಳು ಒಂದರ ಪಕ್ಕ ಒಂದು ಸ್ವತಂತ್ರವಾಗಿ ಕೂತಿರುತ್ತವೆ, ಇಂಡೆಕ್ಸಿನ ಪುಟಗಳು ಒಂದನ್ನೊಂದು ಕೈಹಿಡಿದಿರುತ್ತವೆ. ಟೇಬಲಿನಲ್ಲಿ ಕೆಟ್ಟ ಒಂದು ಪುಟ ಆ ಪುಟದ ಸಾಲುಗಳನ್ನಷ್ಟೇ ಕಳೆಯುತ್ತದೆ. ಕೆಟ್ಟ ಒಂದು ಕೊಂಬೆ ತನ್ನ ಕೆಳಗಿನ ಇಡೀ ಹಿಂಡನ್ನೇ ಮರೆಮಾಡಬಲ್ಲದು.

ಈ ಗಾಯಗಳನ್ನು ಜನಸಾಮಾನ್ಯರ ಮೇಜಿಗೆ ತಂದದ್ದು ಮೈಕ್ರೋಕಂಪ್ಯೂಟರು. ಆಷ್ಟನ್-ಟೇಟ್ ಕಂಪನಿ 1980ರ ಸುಮಾರಿಗೆ ಮಾರಲು ತೊಡಗಿದ ಡಿಬೇಸ್, ಅದೇ ಜಾಡಿನಲ್ಲಿ ಬಂದ ಕ್ಲಿಪ್ಪರ್, 1992ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಫಾಕ್ಸ್‌ಪ್ರೊ ಇವೆಲ್ಲ ಭಾರತದಲ್ಲಿ ಎರಡು ದಶಕ ಆಳಿದವು. ಕರ್ನಾಟಕದ ಊರೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಡೇಟಾಬೇಸ್ ಎಂದರೆ ಡಿಬೇಸ್ ಎಂಬ ಕಾಲವೊಂದಿತ್ತು. ಸಂಬಳದ ಪಟ್ಟಿ, ಗೋದಾಮಿನ ಲೆಕ್ಕ, ಕಾಲೇಜಿನ ಫಲಿತಾಂಶ ಅದರಲ್ಲೇ ನಡೆಯುತ್ತಿದ್ದವು. ಲೋಡ್ ಶೆಡ್ಡಿಂಗ್ ದಿನಚರಿಯ ಭಾಗವಾಗಿದ್ದ ನಾಡಿನಲ್ಲಿ ಇಂಡೆಕ್ಸ್ ಕೆಡುವುದು ವಿಶೇಷವಲ್ಲ; ಪ್ರೋಗ್ರಾಂ ಬರೆಯುವವರು ಮೆನುವಿನಲ್ಲೇ ರೀಇಂಡೆಕ್ಸಿಗೊಂದು ಸಾಲು ಇಡುತ್ತಿದ್ದರು. ಎಲ್ಲರೂ ಕರೆಂಟನ್ನೇ ಬೈದರು. ಆದರೆ ಆ ಕಾಲದ ಕಡತಗಳ ರಚನೆಯನ್ನೇ ನೋಡಿದರೆ ಬೇರೊಂದು ಕಾರಣವೂ ಕಣ್ಣಿಗೆ ಬೀಳುತ್ತದೆ. ಡಿಬೇಸ್ ಮೂರರಲ್ಲಿ ದಾಖಲೆಗಳದು ಡಿಬಿಎಫ್ ಕಡತ, ಇಂಡೆಕ್ಸಿನದು ಎನ್‌ಡಿಎಕ್ಸ್ ಎಂಬ ಬೇರೆ ಕಡತ. ಯಾರಾದರೂ ಇಂಡೆಕ್ಸನ್ನು ತೆರೆಯದೆ ಡಿಬಿಎಫ್ ಒಂದನ್ನೇ ತೆರೆದು ನಾಲ್ಕು ದಾಖಲೆ ಸೇರಿಸಿದರೆ ಇಂಡೆಕ್ಸಿಗೆ ಆ ನಾಲ್ಕರ ಸುದ್ದಿಯೇ ತಿಳಿಯದು. ದೀಪ ಮಿಣುಕದೆ, ಯಂತ್ರ ನಿಲ್ಲದೆ ಇಂಡೆಕ್ಸ್ ಸುಳ್ಳಾಗುತ್ತಿತ್ತು. ಮುಂದೆ ಫಾಕ್ಸ್‌ಪ್ರೊ ಸಿಡಿಎಕ್ಸ್ ಕಡತವನ್ನು ಟೇಬಲಿಗೆ ಗಂಟುಹಾಕಿ, ಟೇಬಲ್ ತೆರೆದರೆ ತಾನೇ ತೆರೆದುಕೊಳ್ಳುವಂತೆ ಮಾಡಿದ್ದು ಈ ರೋಗಕ್ಕೇ ಮದ್ದು. ಅಲ್ಲೂ ಅನುಭವಿಗಳು ರೀಇಂಡೆಕ್ಸನ್ನು ಪೂರ್ತಿ ನಂಬಲಿಲ್ಲ. ಯಾವ ಅಂಕಣದ ಮೇಲೆ, ಯಾವ ಕ್ರಮದಲ್ಲಿ ಕಟ್ಟಬೇಕೆಂಬ ವಿವರವನ್ನು ಆ ಆದೇಶ ಕೆಟ್ಟ ಸಿಡಿಎಕ್ಸ್‌ನ ತಲೆಬರಹದಿಂದಲೇ ಓದುತ್ತಿತ್ತು. ತಲೆಬರಹವೇ ಕೆಟ್ಟಿದ್ದರೆ ಹೊಸ ಇಂಡೆಕ್ಸೂ ಹುಟ್ಟುವಾಗಲೇ ಕೆಟ್ಟಿರುತ್ತಿತ್ತು. ಹೀಗಾಗಿ ಬಲ್ಲವರು ಸಿಡಿಎಕ್ಸನ್ನೇ ಅಳಿಸಿ, ಇಂಡೆಕ್ಸ್ ಕಟ್ಟುವ ಆದೇಶಗಳನ್ನು ಪ್ರೋಗ್ರಾಮಿನಲ್ಲಿ ಬೇರೆಯಾಗಿ ಬರೆದಿಟ್ಟು ಅಲ್ಲಿಂದ ಓಡಿಸುತ್ತಿದ್ದರು. ಯಾವುದನ್ನು ನಂಬಿ ಕಟ್ಟುವುದು ಎಂಬ ಪ್ರಶ್ನೆ ಇಲ್ಲಿ ಮೊದಲ ಸಲ ಸ್ಪಷ್ಟವಾಗಿ ತಲೆ ಎತ್ತಿತು.

ಇದೇ ಮನೋಧರ್ಮದ ಇನ್ನೊಂದು ಉದಾಹರಣೆ ಬೆಂಗಳೂರಿನದೇ. 1986ರಲ್ಲಿ ಇಲ್ಲಿ ಆರಂಭವಾದ ಕಂಪನಿ ಕಟ್ಟಿದ ಟ್ಯಾಲಿಯಲ್ಲಿ ಲೆಕ್ಕದ ಕಡತ ಹಾಳಾದಾಗ ಬಳಸಲು ರೀರೈಟ್ ಎಂಬ ಸೌಲಭ್ಯವಿತ್ತು. ಕಂಟ್ರೋಲ್, ಆಲ್ಟ್ ಜೊತೆಗೆ ಆರ್ ಒತ್ತುವ ಆ ಚಾಳಿ ದೇಶದ ಲೆಕ್ಕಿಗರ ಬೆರಳಿಗೆ ಅಂಟಿತ್ತು. ಈಗಿನ ಟ್ಯಾಲಿಪ್ರೈಮ್‌ನಲ್ಲಿ ಅದು ರಿಪೇರಿ ಎಂಬ ಆಯ್ಕೆ. ಮೊದಲು ಬ್ಯಾಕಪ್ ತೆಗೆ, ಆಮೇಲೆ ರೀರೈಟ್ ಮಾಡು ಎಂಬ ಬುದ್ಧಿಮಾತು ಅದರ ಬೆನ್ನಿಗೇ ಬರುತ್ತಿತ್ತು. ರಿಪೇರಿ ಎಂಬುದು ಸ್ವತಃ ಒಂದು ಅಪಾಯ ಎಂದು ಲೆಕ್ಕಿಗರಿಗೂ ಗೊತ್ತಿತ್ತು. ಅದೇ ಕಾಲದ ವೆಬ್ ಜಗತ್ತಿನಲ್ಲಿ ಮೈಎಸ್‌ಕ್ಯುಎಲ್‌ನ ಮೈಐಸ್ಯಾಮ್ ಈ ಕಥೆಯನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ನಡೆಸಿತು. ಎಂವೈಡಿ ಕಡತದಲ್ಲಿ ದಾಖಲೆ, ಎಂವೈಐ ಕಡತದಲ್ಲಿ ಇಂಡೆಕ್ಸ್; ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್‌ನ ರಕ್ಷಣೆ ಇಲ್ಲ. ವೇಗ ಬೇಕೆಂದವರಿಗೆ ಡಿಲೇ ಕೀ ರೈಟ್ ಎಂಬ ಆಯ್ಕೆಯೂ ಇತ್ತು: ಟೇಬಲ್ ಮುಚ್ಚುವ ತನಕ ಇಂಡೆಕ್ಸಿನ ಪುಟಗಳನ್ನು ಡಿಸ್ಕಿಗೆ ಇಳಿಸುವುದೇ ಇಲ್ಲ, ನಡುವೆ ಬಿದ್ದರೆ ರಿಪೇರಿ ಮಾಡಿಕೊಂಡರಾಯಿತು ಎಂಬ ಒಪ್ಪಂದ. ಇಂಡೆಕ್ಸ್ ಎಸೆಯಬಹುದಾದ ನಕಲು ಎಂಬ ನಂಬಿಕೆ ಇದಕ್ಕಿಂತ ನೇರವಾಗಿ ಇನ್ನೆಲ್ಲೂ ಬರಹಕ್ಕಿಳಿದಿಲ್ಲ. ಆದರೂ ಮೈಐಸ್ಯಾಮ್ ಒಂದು ಒಳ್ಳೆಯ ಕೆಲಸ ಮಾಡಿತು: ಟೇಬಲನ್ನು ಎಷ್ಟು ಜನ ತೆರೆದಿದ್ದಾರೆ ಎಂಬ ಎಣಿಕೆಯನ್ನು ಇಂಡೆಕ್ಸ್ ಕಡತದ ತಲೆಯಲ್ಲಿ ಬರೆದಿಟ್ಟಿತು. ಸರ್ವರ್ ಎದ್ದಾಗ ಆ ಎಣಿಕೆ ಸೊನ್ನೆಯಾಗಿರದಿದ್ದರೆ ಟೇಬಲ್ ಸರಿಯಾಗಿ ಮುಚ್ಚಿಲ್ಲ, ಪರೀಕ್ಷಿಸಬೇಕು ಎಂದರ್ಥ. ಮೈಐಸ್ಯಾಮ್‌ಚೆಕ್ ಎಂಬ ಉಪಕರಣ ಪರೀಕ್ಷೆಯನ್ನೂ ರಿಪೇರಿಯನ್ನೂ ಎರಡು ಬೇರೆ ಕೆಲಸಗಳಾಗಿ ಇಟ್ಟಿತ್ತು. ದಾಖಲೆಯ ಕಡತವನ್ನು ಮುಟ್ಟದೆ ಇಂಡೆಕ್ಸನ್ನು ಮಾತ್ರ ಕಟ್ಟುವ ಹಗುರ ರಿಪೇರಿ, ಅದು ಆಗದಿದ್ದರೆ ಪೂರ್ತಿ ರಿಪೇರಿ, ಅದೂ ಸೋತರೆ ನಿಧಾನವಾದ ಹಳೆಯ ವಿಧಾನ ಎಂದು ಮೆಟ್ಟಿಲುಗಳನ್ನೂ ಕಟ್ಟಿತ್ತು.

ದೊಡ್ಡ ಯಂತ್ರಗಳ ಲೋಕ ಇಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಬ್ಯಾಂಕು, ವಿಮಾನಯಾನಗಳ ಡೇಟಾಬೇಸನ್ನು ಬಿದ್ದಾಗಲೆಲ್ಲ ಮೊದಲಿಂದ ಓದುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. 1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯ ಕಟ್ಟಿದ ಸಿಸ್ಟಮ್ ಆರ್, ಹಳೆಯ ಪುಟವನ್ನು ಅಲ್ಲೇ ಬಿಟ್ಟು ಹೊಸದನ್ನು ಬೇರೆ ಜಾಗದಲ್ಲಿ ಬರೆಯುವ ನೆರಳುಪುಟದ ತಂತ್ರವನ್ನೂ, ಮಾಡಿದ್ದನ್ನೆಲ್ಲ ಬರೆದಿಡುವ ಲಾಗನ್ನೂ ಜೊತೆಗೂಡಿಸಿತ್ತು. ಜಿಮ್ ಗ್ರೇ ಮತ್ತು ಸಂಗಡಿಗರು 1981ರಲ್ಲಿ ಅದರ ವಿಮರ್ಶೆಯನ್ನು ತಾವೇ ಬರೆದಾಗ, ದೊಡ್ಡ ಕಡತಗಳಿಗೆ ನೆರಳುಪುಟ ಬೇಡವಾಗಿತ್ತು, ಲಾಗ್ ಒಂದನ್ನೇ ನೆಚ್ಚಬೇಕಿತ್ತು ಎಂಬ ನಿಲುವಿಗೆ ಬಂದರು. ಆ ದಾರಿಯ ತುದಿ 1992ರ ಏರೀಸ್ ಪ್ರಬಂಧ. ಐಐಟಿ ಮದ್ರಾಸಿನಲ್ಲಿ ಓದಿ ಐಬಿಎಂನ ಆಲ್ಮಡೆನ್ ಕೇಂದ್ರದಲ್ಲಿದ್ದ ಸಿ. ಮೋಹನ್ ನಾಲ್ವರು ಸಹೋದ್ಯೋಗಿಗಳೊಂದಿಗೆ ಬರೆದ ಸುಮಾರು 70 ಪುಟಗಳ ಆ ಲೇಖನ ಇಂದಿನ ಬಹುಪಾಲು ದೊಡ್ಡ ಡೇಟಾಬೇಸುಗಳ ಚೇತರಿಕೆಗೆ ತಳಪಾಯ. ಅದರ ತಿರುಳು ಹೀಗಿದೆ: ಪುಟ ಡಿಸ್ಕಿಗಿಳಿಯುವ ಮುನ್ನ ಬದಲಾವಣೆಯ ಸುದ್ದಿ ಲಾಗಿಗೆ ಇಳಿಯಬೇಕು, ಪ್ರತಿ ಪುಟದ ಮೇಲೂ ಅದನ್ನು ಕೊನೆಗೆ ಮುಟ್ಟಿದ ಲಾಗ್ ಸಾಲಿನ ಸಂಖ್ಯೆ ಇರಬೇಕು, ಎದ್ದ ಮೇಲೆ ನಡೆದದ್ದನ್ನೆಲ್ಲ ಹಾಗೆಯೇ ಮತ್ತೆ ನಡೆಸಿ, ಆಮೇಲೆ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ರದ್ದು ಮಾಡಬೇಕು. ಇಂಡೆಕ್ಸಿಗೆಂದೇ ಮೋಹನ್ ಮತ್ತು ಫ್ರಾಂಕ್ ಲೆವಿನ್ ಅದೇ ವರ್ಷ ಬರೆದ ಏರೀಸ್-ಐಎಂ ಇನ್ನೊಂದು ಗಂಟನ್ನು ಬಿಡಿಸಿತು. ಒಬ್ಬರ ವ್ಯವಹಾರ ರದ್ದಾದರೂ ಅದರಿಂದಾದ ಪುಟದ ಸೀಳು ರದ್ದಾಗಬಾರದು, ಏಕೆಂದರೆ ಅಷ್ಟರಲ್ಲಿ ಬೇರೆಯವರ ಕೀಲಿಗಳು ಆ ಹೊಸ ಪುಟದಲ್ಲಿ ಬಂದು ಕೂತಿರುತ್ತವೆ. ಇಲ್ಲಿ ಇಂಡೆಕ್ಸನ್ನು ಎಸೆಯಬಹುದಾದ ನಕಲಿನಂತೆ ಯಾರೂ ಕಾಣಲಿಲ್ಲ. ಟೇಬಲಿಗೆ ಸಲ್ಲುವ ಎಲ್ಲ ಗೌರವವೂ ಅದರ ಪುಟಗಳಿಗೆ ಸಂದಿತು.

ಈ ಎರಡು ದಾರಿಗಳು ಸೇರಿದ ಕೂಡುರಸ್ತೆಯನ್ನು ನೋಡಬೇಕಾದರೆ ಪೋಸ್ಟ್‌ಗ್ರೆಸ್‌ನ ಚರಿತ್ರೆ ಓದಬೇಕು. ಮೈಕೆಲ್ ಸ್ಟೋನ್‌ಬ್ರೇಕರ್ 1987ರಲ್ಲಿ ಬರ್ಕ್‌ಲಿಯಿಂದ ಮುಂದಿಟ್ಟ ವಿನ್ಯಾಸದಲ್ಲಿ ಹಳೆಯ ಸಾಲನ್ನು ಅಳಿಸದೆ ಹೊಸದನ್ನು ಪಕ್ಕಕ್ಕೆ ಬರೆಯುವುದರಿಂದ ಚೇತರಿಕೆಗೆ ಲಾಗಿನ ಹಂಗೇ ಇರಲಿಲ್ಲ. ಟೇಬಲಿನ ಮಟ್ಟಿಗೆ ಇದು ಸೊಗಸಾದ ಉಪಾಯ. ಆದರೆ ಬಿ-ಟ್ರೀ ಪುಟಗಳು ಇದ್ದಲ್ಲೇ ತಿದ್ದುಪಡಿಯಾಗುತ್ತವೆ. ಹಳೆಯದನ್ನು ಬಿಟ್ಟು ಪಕ್ಕಕ್ಕೆ ಬರೆಯುವ ಸುಖ ಅವಕ್ಕಿಲ್ಲ. ಮಾರ್ಕ್ ಸಲಿವನ್ ಮತ್ತು ಮೈಕೆಲ್ ಓಲ್ಸನ್ 1992ರಲ್ಲಿ ಈ ಬಿರುಕನ್ನೇ ಗುರಿಯಾಗಿಸಿ, ಲಾಗಿಲ್ಲದೆಯೂ ಬಿದ್ದೆದ್ದು ನಿಲ್ಲಬಲ್ಲ ಇಂಡೆಕ್ಸಿನ ವಿನ್ಯಾಸ ಬರೆದರು. ರೀಇಂಡೆಕ್ಸ್ ಆದೇಶ ಬಂದದ್ದು 2000ದ 7.0 ಆವೃತ್ತಿಯಲ್ಲಿ, ಮುಂಗಡ ಲಾಗ್ ಬಂದದ್ದು 2001ರ 7.1ರಲ್ಲಿ. ಮೊದಲು ರಿಪೇರಿಯ ಸುತ್ತಿಗೆ, ಮರುವರ್ಷ ರಿಪೇರಿ ಬೇಡವಾಗಿಸುವ ಗೋಡೆ. ಗೋಡೆ ಎಲ್ಲ ಕೋಣೆಗಳಿಗೂ ಏಕಕಾಲಕ್ಕೆ ಏಳಲಿಲ್ಲ. ಹ್ಯಾಶ್ ಇಂಡೆಕ್ಸುಗಳ ಬದಲಾವಣೆಗಳು ಲಾಗಿಗೆ ಬರತೊಡಗಿದ್ದು 2017ರ 10ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಹದಿನಾರು ವರ್ಷ, ಕ್ರ್ಯಾಶ್ ಆದರೆ ಹ್ಯಾಶ್ ಇಂಡೆಕ್ಸನ್ನು ಕೈಯಾರೆ ಮತ್ತೆ ಕಟ್ಟಬೇಕಾದೀತು ಎಂಬ ಎಚ್ಚರಿಕೆ ಕೈಪಿಡಿಯಲ್ಲೇ ಇತ್ತು. ಒಂದೇ ತಂತ್ರಾಂಶದೊಳಗೆ ಎರಡು ನಂಬಿಕೆಗಳು ಒಟ್ಟಿಗೆ ಬದುಕಿದ್ದವು.

ಇಲ್ಲೊಂದು ಆಕ್ಷೇಪ ಸಹಜ. ಲಾಗ್ ಬಂದ ಮೇಲೆ ಕ್ರ್ಯಾಶಿನಿಂದ ಇಂಡೆಕ್ಸ್ ಕೆಡುವುದೇ ಇಲ್ಲವಲ್ಲ, ಹಾಗಾದರೆ ಇದು ಮುಗಿದ ಕಥೆಯಲ್ಲವೇ? ಅರ್ಧ ಒಪ್ಪಬೇಕಾದ ಮಾತು. ಏರೀಸ್ ಮತ್ತು ಅದರ ಸಂತತಿ ಕ್ರ್ಯಾಶನ್ನು ಪಳಗಿಸಿದ್ದು ನಿಜ. ಹರಿದ ಪುಟಕ್ಕೂ ಮದ್ದು ಸಿಕ್ಕಿತು: ಇನ್ನೊಡಿಬಿ ಪ್ರತಿ ಪುಟವನ್ನು ಮೊದಲು ಬೇರೊಂದು ಜಾಗದಲ್ಲಿ, ಆಮೇಲೆ ಸ್ವಸ್ಥಾನದಲ್ಲಿ ಬರೆಯುತ್ತದೆ, ಪೋಸ್ಟ್‌ಗ್ರೆಸ್ ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಇಳಿಸುವ ಪ್ರತಿ ಚೆಕ್‌ಪಾಯಿಂಟಿನ ನಂತರ ಪುಟ ಮೊದಲ ಸಲ ಬದಲಾದಾಗ ಇಡೀ ಪುಟವನ್ನೇ ಲಾಗಿಗೆ ಇಳಿಸುತ್ತದೆ. ಕ್ರ್ಯಾಶ್ ಎಷ್ಟು ಪಳಗಿತೆಂದರೆ ಅದೀಗ ಆಶ್ರಯತಾಣವೇ ಆಗಿದೆ. ಲಿನಕ್ಸಿನಲ್ಲಿ ಡಿಸ್ಕಿಗೆ ಬರೆಯುವುದು ವಿಫಲವಾದಾಗ, ಬರೆದದ್ದು ಡಿಸ್ಕಿಗೆ ಇಳಿಯಲೇಬೇಕೆಂದು ಕೇಳುವ ಎಫ್‌ಸಿಂಕ್ ಕರೆ ಒಮ್ಮೆ ದೋಷ ಹೇಳಿ, ಬರೆಯದ ಪುಟವನ್ನು ಬರೆದಾಗಿದೆ ಎಂದು ಗುರುತಿಸಿಬಿಡಬಹುದು, ಮರುಪ್ರಯತ್ನ ಗೆದ್ದಂತೆ ಕಾಣಬಹುದು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ತಂಡದ ಗಮನಕ್ಕೆ ಬಂತು. 2019ರ ಫೆಬ್ರವರಿಯ ತಿದ್ದುಪಡಿಯಲ್ಲಿ ಅವರು ಕೊಟ್ಟ ಪರಿಹಾರ, ಅಂಥ ದೋಷ ಬಂದೊಡನೆ ಸರ್ವರನ್ನು ತಾವೇ ಬೀಳಿಸಿ ಲಾಗಿನಿಂದ ಎಬ್ಬಿಸುವುದು. ಓಡುತ್ತಿರುವ ಯಂತ್ರಕ್ಕಿಂತ ಬಿದ್ದೆದ್ದ ಯಂತ್ರವೇ ನಂಬಿಕೆಗೆ ಅರ್ಹ ಎಂಬ ತೀರ್ಮಾನ ಇದು. ಕ್ರ್ಯಾಶೇ ಶತ್ರು ಎಂಬ ಹಳೆಯ ಕಥೆಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ.

ಒಪ್ಪಲಾಗದ ಇನ್ನರ್ಧವೆಂದರೆ, ಕ್ರ್ಯಾಶ್ ನಿರಪರಾಧಿಯಾದ ಮೇಲೂ ಇಂಡೆಕ್ಸ್ ಕೆಡುವುದು ನಿಲ್ಲಲಿಲ್ಲ. ಸದ್ದು ಮಾತ್ರ ನಿಂತಿತು. 2018ರ ಆಗಸ್ಟಿನಲ್ಲಿ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.28ನೇ ಆವೃತ್ತಿ ಅಕ್ಷರಗಳನ್ನು ಜೋಡಿಸುವ ಕ್ರಮವನ್ನು ಹೊಸ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸಿತು. ಡೆಬಿಯನ್ 10, ರೆಡ್ ಹ್ಯಾಟ್ 8ರಂಥ ಹೊಸ ವ್ಯವಸ್ಥೆಗಳಿಗೆ ಡೇಟಾಬೇಸನ್ನು ಹಾಗೆಯೇ ಎತ್ತಿಕೊಂಡು ಹೋದವರ ಪಠ್ಯದ ಇಂಡೆಕ್ಸುಗಳು ಹಳೆಯ ಕ್ರಮದಲ್ಲಿ ಕಟ್ಟಿದವು, ಹುಡುಕಾಟ ನಡೆದದ್ದು ಹೊಸ ಕ್ರಮದಲ್ಲಿ. ಎಡಕ್ಕೆ ತಿರುಗಬೇಕಾದ ಹುಡುಕಾಟ ಬಲಕ್ಕೆ ತಿರುಗಿ, ಇರುವ ಸಾಲನ್ನು ಇಲ್ಲವೆಂದಿತು. ಡಿಸ್ಕಿನಲ್ಲಿ ಒಂದು ಬಿಟ್ ಕೂಡ ಬದಲಾಗಿರಲಿಲ್ಲ. ಎಸ್‌ಕ್ಯುಲೈಟ್‌ನ ಕೈಪಿಡಿ ರೀಇಂಡೆಕ್ಸ್ ಯಾಕೆ ಬೇಕೆಂದು ಹೇಳುವಾಗ ಈ ಜೋಡಣೆಯ ಕ್ರಮದ ಬದಲಾವಣೆಯನ್ನೇ ಕಾರಣವಾಗಿ ಕೊಡುತ್ತದೆ. ಇನ್ನು ಪೋಸ್ಟ್‌ಗ್ರೆಸ್ 14ರ ಮೊದಲ ಕೆಲವು ಬಿಡುಗಡೆಗಳಲ್ಲಿ, ಕೆಲಸ ನಿಲ್ಲಿಸದೆ ಇಂಡೆಕ್ಸ್ ಕಟ್ಟುವ ಸೌಲಭ್ಯದೊಳಗೇ ದೋಷ ಸೇರಿ, ಕೆಲವು ಸಾಲುಗಳು ಹೊಸ ಇಂಡೆಕ್ಸಿನಿಂದ ಬಿಟ್ಟುಹೋಗುವ ಸಾಧ್ಯತೆ ಇತ್ತು. 2022ರ ಜೂನ್‌ನಲ್ಲಿ 14.4 ಬಂದು ಅದನ್ನು ಸರಿಪಡಿಸಿತು. ಗಮನಿಸಿ, ಅದೇ ದೋಷ ಕೆಲಸ ನಿಲ್ಲಿಸದ ರೀಇಂಡೆಕ್ಸಿನಲ್ಲೂ ಇತ್ತು. ಮದ್ದಿನ ಶೀಶೆಯೊಳಗೇ ರೋಗ ಸೇರಿಕೊಂಡಿತ್ತು.

ಈಗ ಕಾರ್ಡು ಪೆಟ್ಟಿಗೆಯ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಬರೋಣ. ಕಾರ್ಡು ದಾರಿ ತೋರಿಸುತ್ತದೆ, ಯಾವ ಪುಸ್ತಕವನ್ನೂ ಬಾಗಿಲಲ್ಲಿ ತಡೆಯುವುದಿಲ್ಲ. ಅನನ್ಯ ಇಂಡೆಕ್ಸ್ ತಡೆಯುತ್ತದೆ. ಒಂದೇ ಖಾತೆ ಸಂಖ್ಯೆ ಎರಡು ಸಲ ಬರಬಾರದು ಎಂಬ ನಿಯಮವನ್ನು ಕಾಯುವುದು ಟೇಬಲಲ್ಲ, ಆ ಅಂಕಣದ ಮೇಲಿರುವ ಇಂಡೆಕ್ಸು. ಹೊಸ ಸಾಲು ಬಂದಾಗ ಡೇಟಾಬೇಸ್ ಇಡೀ ಟೇಬಲನ್ನು ಓದಿ ನೋಡುವುದಿಲ್ಲ; ಇಂಡೆಕ್ಸನ್ನು ಕೇಳುತ್ತದೆ, ಅದು ಇಲ್ಲ ಎಂದರೆ ಒಳಗೆ ಬಿಡುತ್ತದೆ. ಸುಳ್ಳಾದ ಇಂಡೆಕ್ಸ್ ಇಲ್ಲವೆಂದಾಗ ಎರಡನೆಯ ನಕಲು ಟೇಬಲನ್ನು ಸೇರುತ್ತದೆ. ಅಲ್ಲಿಂದ ಮುಂದೆ ಕೆಟ್ಟಿರುವುದು ಇಂಡೆಕ್ಸಲ್ಲ, ಮೂಲವೇ. ಆಮೇಲೆ ರೀಇಂಡೆಕ್ಸ್ ಕೊಟ್ಟರೆ ಅದು ಅರ್ಧಕ್ಕೆ ನಿಂತು ಒಂದೇ ಕೀಲಿ ಎರಡು ಸಲ ಇದೆ ಎಂದು ಕೈಚೆಲ್ಲುತ್ತದೆ. ಎರಡರಲ್ಲಿ ನಿಜ ಯಾವುದು ಎಂದು ತೀರ್ಮಾನಿಸುವುದು ಯಾವ ಆದೇಶಕ್ಕೂ ಸಾಧ್ಯವಿಲ್ಲ, ಖಾತೆಯ ವ್ಯವಹಾರ ಬಲ್ಲ ಮನುಷ್ಯನೇ ಕೂರಬೇಕು. ನಕಲು ಕೆಟ್ಟರೆ ಮೂಲಕ್ಕೇನೂ ಆಗದು ಎಂಬ ವಾದ ನಕಲಿಗೆ ಯಾವ ಅಧಿಕಾರವೂ ಇಲ್ಲದಾಗ ಮಾತ್ರ ಸರಿ. ಇಂಡೆಕ್ಸಿಗೆ ಅಧಿಕಾರವಿದೆ. ಆದ್ದರಿಂದ ಅದರ ಸುಳ್ಳು ಪತ್ತೆಯಾಗುವುದು ತಡವಾದಷ್ಟೂ ಆ ಸುಳ್ಳು ಟೇಬಲಿನಲ್ಲಿ ಬೇರುಬಿಡುತ್ತದೆ.

ಇನ್ನೊಡಿಬಿಯಂಥ ವಿನ್ಯಾಸಗಳಲ್ಲಂತೂ ನಕಲು ಮೂಲಗಳ ಭೇದವೇ ಅಳಿಸಿಹೋಗಿದೆ. ಹೈಕ್ಕಿ ಟುರಿ ಫಿನ್ಲೆಂಡಿನಲ್ಲಿ ಕಟ್ಟಿದ, 2010ರ ಮೈಎಸ್‌ಕ್ಯುಎಲ್ 5.5ರಿಂದ ಮೈಐಸ್ಯಾಮ್‌ನ ಪೀಠವನ್ನು ತುಂಬಿದ ಈ ವ್ಯವಸ್ಥೆಯಲ್ಲಿ ಪ್ರಾಥಮಿಕ ಕೀಲಿಯ ಬಿ-ಟ್ರೀಯ ಎಲೆಗಳಲ್ಲೇ ಸಾಲುಗಳು ವಾಸ ಮಾಡುತ್ತವೆ. ಟೇಬಲೆಂದರೆ ಆ ಇಂಡೆಕ್ಸೇ. ಉಪ ಇಂಡೆಕ್ಸ್ ಕೆಟ್ಟರೆ ಅಳಿಸಿ ಕಟ್ಟಬಹುದು, ಪ್ರಧಾನ ಇಂಡೆಕ್ಸ್ ಕೆಟ್ಟರೆ ಕಟ್ಟಲು ಮೂಲವೆಲ್ಲಿದೆ? ಅದಕ್ಕೇ ಅಲ್ಲಿನ ರಿಪೇರಿ ಒಂದು ಆದೇಶವಾಗಿಲ್ಲ, 1ರಿಂದ 6ರವರೆಗಿನ ಬಲವಂತದ ಚೇತರಿಕೆಯ ಮೆಟ್ಟಿಲುಗಳಾಗಿದೆ. ಒಂದೊಂದೇ ಮೆಟ್ಟಿಲೇರಿ, ಸರ್ವರ್ ಎದ್ದು ನಿಂತಷ್ಟು ಹೊತ್ತಿನಲ್ಲಿ ದಾಖಲೆಗಳನ್ನು ಹೊರಗೆ ಸಾಗಿಸಿ ಹೊಸ ಮನೆಯಲ್ಲಿ ತುಂಬಬೇಕು; 4ರಿಂದ ಮೇಲಕ್ಕೆ ಹೋದರೆ ಶಾಶ್ವತ ಹಾನಿಯಾಗಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನಲ್ಲಿ ಡಿಬಿಸಿಸಿ ಚೆಕ್‌ಡಿಬಿ ಪರೀಕ್ಷೆಯ ಜೊತೆಗೆ ಎರಡು ದರ್ಜೆಯ ರಿಪೇರಿಗಳಿವೆ. ಒಂದು ದಾಖಲೆ ಕಳೆಯದೆ ಮರುಕಟ್ಟುವುದು. ಇನ್ನೊಂದಕ್ಕೆ ದಾಖಲೆ ನಷ್ಟಕ್ಕೆ ಒಪ್ಪಿಗೆ ಇದೆ ಎಂದೇ ಹೆಸರು, ಅದಕ್ಕಿಂತ ಬ್ಯಾಕಪ್ಪಿನಿಂದ ಮರಳಿ ತರುವುದೇ ಮೇಲೆಂದು ತಯಾರಕರೇ ಹೇಳುತ್ತಾರೆ.

ಎರಡನೆಯ ಆಕ್ಷೇಪ ಚೆಕ್‌ಸಮ್‌ನದು. ಪುಟಪುಟಕ್ಕೂ ಒಂದು ಮೊತ್ತ ಬರೆದಿಟ್ಟು ಓದುವಾಗ ತಾಳೆ ನೋಡಿದರೆ ಕೆಟ್ಟದ್ದು ತಾನೇ ಸಿಕ್ಕಿಬೀಳದೇ? ಸಿಕ್ಕಿಬೀಳುತ್ತದೆ, ಡಿಸ್ಕು ಕೆಡಿಸಿದ್ದಾದರೆ. ಡಿಸ್ಕುಗಳು ಕೆಡಿಸುವುದೂ ಸುಳ್ಳಲ್ಲ: ನೆಟ್‌ಆ್ಯಪ್‌ನ 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಚೆಕ್‌ಸಮ್ ತಾಳೆತಪ್ಪುಗಳು ಕಂಡಿದ್ದವು. ಪೋಸ್ಟ್‌ಗ್ರೆಸ್ 2013ರ 9.3ರಲ್ಲಿ ಚೆಕ್‌ಸಮ್ಮನ್ನು ಐಚ್ಛಿಕವಾಗಿ ತಂದು, 2025ರ 18ರಲ್ಲಿ ತಾನಾಗಿಯೇ ಚಾಲೂ ಇರುವಂತೆ ಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಬರೆದದ್ದು ಬರೆದಂತೆ ಉಳಿದಿದೆಯೇ ಎಂಬುದನ್ನಷ್ಟೇ ಚೆಕ್‌ಸಮ್ ಹೇಳಬಲ್ಲದು; ಬರೆದದ್ದೇ ತಪ್ಪಾದರೆ ಆ ತಪ್ಪಿಗೂ ಅದು ನಿಷ್ಠೆಯಿಂದ ಮೊಹರು ಒತ್ತುತ್ತದೆ. ಜಿಲಿಬ್‌ಸಿಯ ಪ್ರಕರಣದಲ್ಲೂ 14ನೇ ಆವೃತ್ತಿಯ ದೋಷದಲ್ಲೂ ಎಲ್ಲ ಚೆಕ್‌ಸಮ್‌ಗಳೂ ಸರಿಯಾಗಿಯೇ ಇದ್ದಿರಬೇಕು. ಅಂಥ ಸುಳ್ಳನ್ನು ಹಿಡಿಯಲು ಇಂಡೆಕ್ಸನ್ನು ಅದರ ಅರ್ಥದ ಮಟ್ಟದಲ್ಲಿ ಓದಬೇಕು. ಪೀಟರ್ ಗೀಗನ್ ಬರೆದ, 2017ರ 10ನೇ ಆವೃತ್ತಿಯೊಂದಿಗೆ ಬಂದ ಆ್ಯಮ್‌ಚೆಕ್ ಮಾಡುವುದು ಅದನ್ನೇ. ಪುಟದೊಳಗೆ ಕೀಲಿಗಳು ಏರಿಕೆಯಲ್ಲಿವೆಯೇ, ಪಕ್ಕದ ಪುಟದ ಮೊದಲ ಕೀಲಿ ಈ ಪುಟದ ಕೊನೆಯದನ್ನು ಮೀರಿದೆಯೇ, ಕೊಂಬೆ ಹೇಳುವ ಗಡಿಯೊಳಗೇ ಎಲೆ ಇದೆಯೇ ಎಂದು ನೋಡುತ್ತದೆ. ಮರುವರ್ಷ ಸೇರಿದ ಆಯ್ಕೆಯೊಂದು ಟೇಬಲಿನ ಪ್ರತಿ ಸಾಲಿಗೂ ಇಂಡೆಕ್ಸಿನಲ್ಲಿ ಜಾಗವಿದೆಯೇ ಎಂದು ಇದೆಯೋ ಇಲ್ಲವೋ ಎಂಬುದನ್ನು ಕಡಿಮೆ ಜಾಗದಲ್ಲಿ ಅಂದಾಜಿಸುವ ಬ್ಲೂಮ್ ಫಿಲ್ಟರ್ ಹಿಡಿದು ತಾಳೆ ಮಾಡುತ್ತದೆ. 2024ರ 17ನೇ ಆವೃತ್ತಿಯಲ್ಲಿ ಅನನ್ಯತೆಯ ಪರೀಕ್ಷೆಯೂ ಸೇರಿತು. ಬಿ-ಟ್ರೀ ಹುಟ್ಟಿದ್ದು 1970ರಲ್ಲಿ, ಬ್ಲೂಮ್ ಫಿಲ್ಟರ್ ಹುಟ್ಟಿದ್ದೂ ಅದೇ ವರ್ಷ. ಪೋಸ್ಟ್‌ಗ್ರೆಸ್‌ನ ಜೊತೆಯಲ್ಲೇ ಬರುವ ಪರೀಕ್ಷೆಯಲ್ಲಿ ಇವೆರಡೂ ಕೈಕೂಡಲು ಸುಮಾರು ಐದು ದಶಕ ಹಿಡಿಯಿತು. ಅಡ್ಡಿಯಾಗಿದ್ದುದು ಜ್ಞಾನದ ಕೊರತೆಯಲ್ಲ, ಪರೀಕ್ಷೆಯ ಅಗತ್ಯ ಕಾಣದೇ ಇದ್ದದ್ದು.

ಮೂರನೆಯ ಆಕ್ಷೇಪ ವ್ಯವಹಾರಸ್ಥರದು. ಪಕ್ಕದಲ್ಲಿ ಇನ್ನೊಂದು ನಕಲು ಸರ್ವರ್ ಇದೆ, ಇಲ್ಲವೇ ವಾರಕ್ಕೊಮ್ಮೆ ಎಲ್ಲ ಇಂಡೆಕ್ಸುಗಳನ್ನೂ ಮತ್ತೆ ಕಟ್ಟಿಬಿಟ್ಟರೆ ಕೆಟ್ಟದ್ದೂ ಅದರಲ್ಲೇ ಹೋಗುತ್ತದೆ, ಪರೀಕ್ಷೆಯ ತಲೆನೋವು ಯಾಕೆ? ನಕಲು ಸರ್ವರ್ ಡಿಸ್ಕಿನ ದೋಷಕ್ಕೆ ಒಳ್ಳೆಯ ವಿಮೆ. ಆದರೆ ಮೂಲದ ಲಾಗನ್ನೇ ಓದಿ ಅದು ತನ್ನ ಪುಟಗಳನ್ನು ಬರೆದುಕೊಳ್ಳುವುದರಿಂದ ತಂತ್ರಾಂಶದ ತಪ್ಪು ಅಲ್ಲಿಗೂ ಅಚ್ಚುಕಟ್ಟಾಗಿ ತಲುಪುತ್ತದೆ. ಅದರ ಕಾರ್ಯಾಚರಣೆ ವ್ಯವಸ್ಥೆ ಬೇರೆ ಆವೃತ್ತಿಯದಾಗಿದ್ದರೆ ಮೂಲದಲ್ಲಿ ಸರಿಯಿರುವ ಇಂಡೆಕ್ಸೇ ಅಲ್ಲಿ ಸುಳ್ಳಾಗಬಹುದು. ಕಣ್ಣುಮುಚ್ಚಿ ಮರುಕಟ್ಟುವುದು ಇನ್ನೂ ಹಾನಿಕರ. ಕೆಟ್ಟ ಇಂಡೆಕ್ಸೇ ಅಪರಾಧದ ಸ್ಥಳ: ಯಾವ ಪುಟ, ಯಾವ ಅವಧಿಯ ಕೀಲಿಗಳು, ಒಂದೇ ಪುಟವೋ ಹತ್ತೋ ಎಂಬುದರಿಂದಲೇ ಡಿಸ್ಕಿನ ತಪ್ಪೋ ತಂತ್ರಾಂಶದ್ದೋ ಎಂದು ಊಹಿಸಬಹುದು. ಅದನ್ನು ಅಳಿಸಿದರೆ ಸಾಕ್ಷಿ ಅಳಿಯುತ್ತದೆ, ಕಾರಣ ಉಳಿಯುತ್ತದೆ. ಯಾವುದನ್ನು ನಂಬಿ ಕಟ್ಟುವುದು ಎಂಬ ಫಾಕ್ಸ್‌ಪ್ರೊ ಕಾಲದ ಪ್ರಶ್ನೆಯೂ ಇಲ್ಲಿ ಮರಳಿ ಬರುತ್ತದೆ. ಒರಾಕಲ್‌ನಲ್ಲಿ ಇಂಡೆಕ್ಸ್ ಮರುಕಟ್ಟುವ ಆದೇಶ ವೇಗಕ್ಕಾಗಿ ಟೇಬಲಿನ ಬದಲು ಹಳೆಯ ಇಂಡೆಕ್ಸನ್ನೇ ಓದಬಲ್ಲದು. ಹಳೆಯದು ಉಬ್ಬಿದ್ದರೆ ಅದು ಜಾಣತನ, ಸುಳ್ಳಾಗಿದ್ದರೆ ಹಳೆಯ ಸುಳ್ಳನ್ನು ಹೊಸ ಕಾಗದಕ್ಕೆ ಇಳಿಸಿದಂತೆ. ಅದಕ್ಕೇ ಅಲ್ಲಿನ ಅನುಭವಿಗಳು ಕೆಟ್ಟ ಇಂಡೆಕ್ಸನ್ನು ಮರುಕಟ್ಟುವುದಿಲ್ಲ. ಮೊದಲು ಕಿತ್ತುಹಾಕಿ, ಆಮೇಲೆ ಹೊಸದಾಗಿ ಕಟ್ಟುತ್ತಾರೆ.

ಈ ಅನುಭವಗಳೆಲ್ಲ ಸೇರಿ ಕಸುಬಿನಲ್ಲಿ ಒಂದು ಕ್ರಮವಾಗಿ ನೆಲೆಗೊಂಡಿವೆ. ಮೊದಲು ಬರವಣಿಗೆ ನಿಲ್ಲಿಸಿ ಕಡತಗಳನ್ನು ಇದ್ದ ಸ್ಥಿತಿಯಲ್ಲೇ ಬೇರೆ ಕಡೆ ನಕಲು ಮಾಡು. ಆಮೇಲೆ ರಚನೆಯ ಪರೀಕ್ಷೆ ನಡೆಸು. ಇಂಡೆಕ್ಸಿನ ಮೂಲಕ ಬರುವ ಉತ್ತರವನ್ನೂ ಇಂಡೆಕ್ಸನ್ನು ಬದಿಗಿಟ್ಟು ಟೇಬಲನ್ನೇ ಓದಿ ಬರುವ ಉತ್ತರವನ್ನೂ ಹೋಲಿಸು. ಎರಡೆರಡು ಸಲ ಬಂದ ಕೀಲಿಗಳಿದ್ದರೆ ಮನುಷ್ಯರ ತೀರ್ಪು ಪಡೆ. ಕೊನೆಗೆ ಟೇಬಲಿನಿಂದ ಹೊಸ ಇಂಡೆಕ್ಸ್ ಕಟ್ಟಿ, ಮತ್ತೆ ಪರೀಕ್ಷಿಸು. ಐದಾರು ಹೆಜ್ಜೆಗಳ ಈ ಸಾಲಿನಲ್ಲಿ ರೀಇಂಡೆಕ್ಸಿನ ಪಾಲು ಒಂದೇ, ಅದೂ ಕೊನೆಯಲ್ಲಿ. ಮೈಐಸ್ಯಾಮ್ ಕಾಲದವರು ಸರ್ವರ್ ಬಿದ್ದೊಡನೆ ಪರೀಕ್ಷಿಸುತ್ತಿದ್ದರು, ಏಕೆಂದರೆ ಅವರಿಗೆ ಭಯವಿತ್ತು. ಲಾಗ್ ಆ ಭಯವನ್ನು ಕಳೆಯಿತು, ಜೊತೆಗೆ ಪರೀಕ್ಷಿಸುವ ಚಾಳಿಯನ್ನೂ ಕಳೆಯಿತು. ಭಯ ಹೋದದ್ದು ಲಾಭವೇ. ಚಾಳಿ ಹೋದದ್ದು ನಷ್ಟ. ಈಗ ಆ ಚಾಳಿಯನ್ನು ಮರಳಿ ತರುವಾಗ ಅದನ್ನು ಕ್ರ್ಯಾಶಿಗೆ ಕಟ್ಟಿಹಾಕುವುದು ತಪ್ಪಾಗುತ್ತದೆ. ಕಾರ್ಯಾಚರಣೆ ವ್ಯವಸ್ಥೆ ಬದಲಾದ ಮೇಲೆ, ಡೇಟಾಬೇಸಿನ ಹೊಸ ಆವೃತ್ತಿ ಏರಿಸಿದ ಮೇಲೆ, ಬ್ಯಾಕಪ್ಪಿನಿಂದ ಮರಳಿ ತಂದ ಮೇಲೆ, ಏನೂ ಆಗದಿದ್ದರೂ ಕಾಲಕಾಲಕ್ಕೆ ಪರೀಕ್ಷೆ ನಡೆಯಬೇಕು. ಪರೀಕ್ಷೆಗೆ ಸಮಯವೂ ಡಿಸ್ಕಿನ ಓದೂ ಖರ್ಚಾಗುವುದು ನಿಜ. ಬ್ಯಾಕಪ್ಪಿನ ನಕಲನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ ಅಲ್ಲೇ ಪರೀಕ್ಷಿಸಿದರೆ ಆ ಹೊರೆ ಮುಖ್ಯ ಸರ್ವರಿನ ಮೇಲೆ ಬೀಳುವುದಿಲ್ಲ, ಬ್ಯಾಕಪ್ ಸರಿಯಿದೆಯೇ ಎಂಬುದೂ ಅದೇ ಖರ್ಚಿನಲ್ಲಿ ತಿಳಿಯುತ್ತದೆ. ಯಾವ ಸಾಲು ಇದೆ, ಯಾವುದು ಇಲ್ಲ, ಯಾವುದು ಒಳಗೆ ಬರಬಹುದು ಎಂದು ದಿನವಿಡೀ ತೀರ್ಪು ಕೊಡುವ ವಸ್ತುವಿನ ಮಾತನ್ನು ಪರೀಕ್ಷಿಸಲು ಅದು ಬೀಳುವವರೆಗೆ ಕಾಯಬೇಕಾದ ಕಾರಣ ಐವತ್ತು ವರ್ಷಗಳ ಈ ಚರಿತ್ರೆಯಲ್ಲಿ ಒಂದೂ ಸಿಗುವುದಿಲ್ಲ.